ಮಾಚಿಕಾಯಿಯೊಳಗಿನ ಕಣಜ

ಆಗೆಲ್ಲ ನಮ್ಮ ದೊಡ್ಡಬೆಳವಂಗಲದ ಕಡೆ ಮನೆಯಲ್ಲಿ ಬಾಣಂತಿ ಇದ್ದಾಳೆಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಬಜೆ, ಬೆಳ್ಳುಳ್ಳಿ, ಸಾಂಬ್ರಾಣಿ ಹೊಗೆಯ ವಾಸನೆ ಬೀದಿಯ ತುದಿಗೇ ಬಂದು ಹೇಳುತ್ತಿತ್ತು. ಎಪ್ಪತ್ತರ ಆಚೀಚಿನ ಮಾತು. ಅಕ್ಕ ಮೊದಲ ಹೆರಿಗೆಗೆ ಬಂದಿದ್ದಳು, ನಾನು ಏಳನೇ ಕ್ಲಾಸು. ಶಾಲೆ ಬಿಟ್ಟೊಡನೆ ಓಡಿಬಂದು ಕೈಕಾಲು ತೊಳೆದು ಮಗುವನ್ನು ತೊಡೆಯ ಮೇಲೆ ಹಾಕಿಸಿಕೊಂಡರೆ ನನಗೆ ಕುಂಟೆಬಿಲ್ಲೆಯೂ ಬೇಡವಾಗಿತ್ತು.

ಮಗುವಿಗೆಂದು ಅಜ್ಜಿ ದಿನಾ ಬೆಳಿಗ್ಗೆ ಮಾಚಿಕಾಯಿ ತೇಯುತ್ತಿದ್ದಳು. ಗೋಲಿಯಷ್ಟು ಗಾತ್ರ, ಮೈತುಂಬ ಮೊಡವೆ, ಕಲ್ಲಿನಂತೆ ಗಟ್ಟಿ. ತೂತು ಬಿದ್ದದ್ದನ್ನು ಮಾತ್ರ ಮುಟ್ಟುತ್ತಿರಲಿಲ್ಲ, ಅದರ ಸತ್ವ ಹೋಗಿರುತ್ತದಂತೆ. ಒಂದು ದಿನ ಡಬ್ಬಿ ತೆಗೆದರೆ ನಾಲ್ಕು ಕಾಯಿಗೆ ತೂತು. ಹಿಂದಿನ ದಿನ ಮುಚ್ಚಳ ಹಾಕದೆ ಬಿಟ್ಟವಳು ನಾನೇ.

"ಹುಳ ಹೊಕ್ಕೈತೆ ನೋಡು. ಒಂದು ಮುಚ್ಚಳ ಮುಚ್ಚಕ್ಕಾಗ್ದೋಳು ಮಗೂನ ಎತ್ಕೊಂತಾಳಂತೆ. ಇನ್ಮೇಲೆ ಮಗು ಹತ್ರ ಬಂದ್ಗಿಂದೀಯ."

"ಇಷ್ಟು ಗಟ್ಟಿ ಇರೋದನ್ನ ಒಂದೇ ದಿನಕ್ಕೆ ಯಾವ ಹುಳ ಕೊರೀತದಜ್ಜಿ? ತರೋವಾಗ್ಲೇ ಇತ್ತೇನೋ."

"ಶೆಟ್ರ ಅಂಗಡೀಲಿ ಒಂದೊಂದೇ ತಿರುಗ್ಸಿ ನೋಡಿ ಆರಿಸ್ದೋಳು ನಾನು. ನನ್ನ ಕಣ್ಣು ಇನ್ನೂ ಹೋಗಿಲ್ಲ ಕಣೇ."

ತೂತಿದ್ದದ್ದೊಂದು, ಇಲ್ಲದ್ದೊಂದು ಲಂಗದ ಅಂಚಿಗೆ ಗಂಟು ಹಾಕಿಕೊಂಡು ಶಾಲೆಗೆ ಹೋದೆ. ವಿಜ್ಞಾನದ ಮೇಷ್ಟ್ರ ಎದುರಿಗೇ ಜಗಲಿಯ ಕಲ್ಲಿನ ಮೇಲಿಟ್ಟು ಜಜ್ಜಿದೆ. ತೂತಿದ್ದದ್ದರ ನಟ್ಟನಡುವೆ ಮೆಣಸಿನ ಕಾಳು ಹಿಡಿಸುವಂಥ ಒಂದು ಕೋಣೆ, ಅಲ್ಲಿಂದ ಹೊರಕ್ಕೆ ನೇರ ದಾರಿ. ತೂತಿಲ್ಲದ್ದರಲ್ಲೂ ಅದೇ ಕೋಣೆ. ಆದರೆ ಅದು ಖಾಲಿ ಇರಲಿಲ್ಲ. ಕಾಲು ಮಡಚಿಕೊಂಡು ಒಣಗಿಹೋದ ಒಂದು ಹುಳ ಅಲ್ಲಿತ್ತು.

ಮೇಷ್ಟ್ರು ಭೂತಗನ್ನಡಿ ಕೊಟ್ಟರು. "ರೆಕ್ಕೆ ಎಷ್ಟೈತೆ, ಎಣ್ಸು."

"ನಾಲ್ಕು ಸಾರ್."

"ನೊಣಕ್ಕೆ ಎರಡೇ. ಸೊಂಟ ಬೇರೆ ಸಣ್ಣಗೈತೆ. ಇದು ಕಣಜದ ಜಾತಿ ಕಣಮ್ಮ."

"ಯಾವ ಕಣಜ ಸಾರ್?"

"ಅದು ನಂಗೂ ತಿಳೀದು. ತಿಳಿದೋರ್ನ ಕೇಳಾಣ."

ಹುಳವನ್ನೂ ಒಡೆದ ಚೂರುಗಳನ್ನೂ ಬೆಂಕಿಪೊಟ್ಟಣದಲ್ಲಿ ಹತ್ತಿಯ ಮೇಲೆ ಮಲಗಿಸಿ, ಬೆಂಗಳೂರಿನಲ್ಲಿ ಕೀಟಶಾಸ್ತ್ರ ಓದಿಕೊಂಡಿದ್ದ ತಮ್ಮ ಗೆಳೆಯರಿಗೆ ಅಂಚೆಗೆ ಹಾಕಿದರು. ಹದಿನೈದು ದಿನ ನಾನು ಮಗುವನ್ನು ಬಾಗಿಲಾಚೆಯಿಂದಲೇ ನೋಡಿದೆ. ಅದು ನಗಲು ಕಲಿತದ್ದೂ ಆ ಹದಿನೈದು ದಿನದಲ್ಲೇ.

ಉತ್ತರ ಬಂದ ಸಂಜೆ ಮೇಷ್ಟ್ರೇ ಮನೆಗೆ ಬಂದು ನಡುಮನೆಯಲ್ಲಿ ಕೂತು ಓದಿದರು. ಮಾಚಿಕಾಯಿ ಕಾಯಿಯೇ ಅಲ್ಲವಂತೆ. ಟರ್ಕಿ, ಪರ್ಷಿಯಾ ಕಡೆ ಓಕ್ ಎಂಬ ಮರ. ಅದರ ಎಳೆ ಮೊಗ್ಗಿನಲ್ಲಿ ಕಣಜ ಮೊಟ್ಟೆಯಿಡುತ್ತದೆ, ಮರಿಯ ಸುತ್ತ ಮರವೇ ಗಂಟು ಕಟ್ಟಿಕೊಡುತ್ತದೆ. ಇಂಥ ಕಣಜಗಳಲ್ಲಿ ಎಷ್ಟೋ ಬಗೆ, ಒಂದೊಂದು ಕಟ್ಟಿಸುವ ಗಂಟೂ ಬೇರೆ. ಆದ್ದರಿಂದ ಈ ಮೊಡವೆ ಮೈಯ ಗಂಟೇ ಅದು ಯಾವ ಕಣಜವೆಂದು ಹೇಳಿಬಿಡುತ್ತದೆ. ಕೊನೆಗೊಂದು ಲ್ಯಾಟಿನ್ ಹೆಸರಿತ್ತು, ಮೇಷ್ಟ್ರು ಎರಡು ಸಲ ಎಡವಿ ಮೂರನೇ ಸಲಕ್ಕೆ ದಾಟಿದರು.

"ನಿಮ್ಮ ಕಣ್ಣೂ ಸರಿ ಕಣಜ್ಜಿ, ಹುಡುಗಿ ಮಾತೂ ಸರಿ. ಹುಳ ಹೊರಗಿಂದ ಹೊಕ್ಕಿಲ್ಲ. ಒಳಗಿದ್ದದ್ದು ಎದ್ದು ಹೊಂಟೋಗೈತೆ. ಮುಚ್ಚಳ ಮುಚ್ಚಿದ್ರೂ ತೂತು ಬೀಳ್ತಿತ್ತು."

ಅಜ್ಜಿ ಡಬ್ಬಿ ತಂದು ತೂತಿಲ್ಲದ್ದೊಂದನ್ನು ತಿರುಗಿಸಿ ನೋಡಿದಳು. ಆಮೇಲೆ ಮೆಲ್ಲಗೆ, "ಹಂಗಾದ್ರೆ ತೂತಿಲ್ದಿರೋದ್ರಾಗೆ ಹುಳ ಒಳಗೇ ಇರ್ತದಾ ಮೇಷ್ಟ್ರೇ?"

"ಇರ್ತದೆ."

"ಅಯ್ಯೋ ಶಿವನೇ. ಆರು ಮಕ್ಕಳಿಗೂ ಆರಿಸ್ಯಾರಿಸಿ ಹುಳ ಇರೋದನ್ನೇ ತೇದಿದ್ದೀನಲ್ಲಪ್ಪ."

ಅಕ್ಕ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡಳು. ಅಜ್ಜಿ ಒಳಗೆ ಹೋಗಿ ಮಗುವನ್ನು ತಂದು ತಾನಾಗಿಯೇ ನನ್ನ ಮಡಿಲಿಗಿಟ್ಟಳು. "ಹಿಡ್ಕೊ. ಕತ್ತಿನ ಕೆಳಗೆ ಕೈ ಕೊಡು," ಅಂದಳು. ಆವತ್ತು ನನ್ನಂಥ ದೊಡ್ಡ ಮನುಷ್ಯಳು ಹೋಬಳಿಯಲ್ಲೇ ಇರಲಿಲ್ಲ. ಮುಂದಿನ ವಾರದಿಂದ ನಮ್ಮ ಬೀದಿಯ ಹೆಂಗಸರೆಲ್ಲ ತೂತಿರುವುದನ್ನೇ ಕೇಳಿ ಕೊಳ್ಳತೊಡಗಿ, ದೊಡ್ಡಬಳ್ಳಾಪುರದ ಶೆಟ್ಟರು ತಲೆ ಕೆರೆದುಕೊಂಡರಂತೆ.

ಮೊನ್ನೆ ಸೊಸೆಯ ಬಾಣಂತನಕ್ಕೆ ಪೊಟ್ಟಣದಲ್ಲಿ ಮಾಚಿಕಾಯಿ ಪುಡಿ ಬಂತು. ನುಣ್ಣಗೆ, ಟಾಲ್ಕಂ ಪೌಡರಿನಂತಿದೆ. ಅದು ಯಾರ ಮನೆಯಾಗಿತ್ತೆಂದು ದೊಡ್ಡ ಮೊಮ್ಮಗಳಿಗೆ ತೋರಿಸೋಣವೆಂದರೆ ಒಡೆಯುವುದಕ್ಕೆ ಒಂದು ಕಾಯಿಯೂ ಸಿಗಲಿಲ್ಲ.