ಬ್ರೇಕ್ ಮೇಸ್ತ್ರಿ ಶಂಕ್ರೆಪ್ಪ

ಮುಂಬಯಿಯ ದಾದರಿನ ಗ್ಯಾರೇಜೊಂದರಲ್ಲಿ ಬ್ರೇಕ್ ಕೆಲಸ ಮಾಡುವ ಧಾರವಾಡದ ಶಂಕ್ರೆಪ್ಪ ಮೇಸ್ತ್ರಿಗೆ ಬೆಳಗಿನ ಚಹಾದ ಜೊತೆಗೇ ಸಿಟ್ಟೂ ಏರುತ್ತದೆ. ಸೀಟಿಗೆ ಮಖಮಲ್ಲು ಹೊದಿಸಿ, ಕಿಟಕಿಗೆ ಪರದೆ ಕಟ್ಟಿಸಿಕೊಂಡು ಬಂದ ಸೇಠ್‌ಗಳು ಬ್ರೇಕಿನೊಳಗೆ ಉಜ್ಜಿ ಚಕ್ರ ಹಿಡಿಯುವ ಪಟ್ಟಿಗೆ ಮಾತ್ರ "ಸವೆಯದಂಥ ಗಟ್ಟಿ ಲೈನಿಂಗ್ ಹಾಕು" ಎಂದರೆ ಅವನ ಮೀಸೆ ನಡುಗುತ್ತದೆ. ಹಿಂದಿಯಲ್ಲಿ ಶುರುವಾದ ಬೈಗುಳ ಊರಿನ ಮಾತಿಗೆ ತಿರುಗುತ್ತದೆ: "ಗಟ್ಟೀದು ಎರಡ ವರ್ಷ ಬಾಳತೈತ್ರಿ, ಆದ್ರ ಗಾಡಿ ನಿಂದ್ರೂದು ಮುಂದಿನ ಸ್ಟೇಷನ್‌ದಾಗ. ನೂಲಿನಿಂದ ನೇಯ್ದ ಲೈನಿಂಗ್ ಲಗೂನ ಸವೀತೈತಿ, ಆದ್ರ ಒತ್ತಿದಲ್ಲೇ ಹಿಡೀತೈತಿ. ಲೈನಿಂಗ್ ಬದುಕಬೇಕೋ ಮನಷ್ಯಾ ಬದುಕಬೇಕೋ, ನೀವ ಹೇಳ್ರಿ." ಬಾಂದ್ರಾದ ಬ್ಯಾರಿಸ್ಟರೊಬ್ಬರು ಒಪ್ಪದಿದ್ದಾಗ, ಕೋಟು ಬಿಚ್ಚಿಸಿ ಅವರದೇ ಕಾರಿನ ಕೆಳಗೆ ಮಲಗಿಸಿ, ಚಕ್ರದ ಬಿಚ್ಚಿದ ಡ್ರಮ್ಮಿನೊಳಗೆ ಗಟ್ಟಿ ಲೈನಿಂಗ್ ಕೊರೆದ ಗೀರುಗಳ ಮೇಲೆ ಬೆರಳಾಡಿಸಿ ನೋಡಿರೆಂದ. ಮಾಲೀಕರು ಹಿಂದೆ ಕೂತು ಪೇಪರ್ ಓದುವವರು, ಪೆಡಲ್ ಒತ್ತುವ ಕಾಲು ಡ್ರೈವರನದು ಎಂಬುದೇ ಅವನ ದೊಡ್ಡ ಸಿಟ್ಟು. ತಿಂಗಳಿಗೊಂದು ಭಾನುವಾರ ಮಾತ್ರ ಅವನು ಯಾರಿಗೂ ಬೈಯುವುದಿಲ್ಲ. ಅಂದು ಥಾಣೆಯ ಜೈಲಿಗೆ ಹೋಗಿ, ಒಬ್ಬ ಸೇಠ್‌ನ ಡ್ರೈವರಾಗಿದ್ದ ವಿಜಯಪುರದ ಬಸವಂತಪ್ಪನನ್ನು ನೋಡಿ ಬರುತ್ತಾನೆ. ಘಾಟ್ಕೋಪರಿನಲ್ಲಿ ಅವನು ಓಡಿಸುತ್ತಿದ್ದ ಸೇಠ್‌ನ ಕಾರು ನಿಲ್ಲಲಿಲ್ಲ, ರಸ್ತೆ ದಾಟುತ್ತಿದ್ದ ಹೆಂಗಸೊಬ್ಬಳು ಅದಕ್ಕೆ ಸಿಕ್ಕಿ ಸತ್ತಳು. ಬಸವಂತಪ್ಪ ಜೈಲಿಗೆ ಹೋದ, ಸೇಠ್ ಹೊಸ ಕಾರು ಕೊಂಡ. "ನಾ ಬ್ರೇಕ್ ಒತ್ತಿದ್ದೆ ಮೇಸ್ತ್ರಿ, ಖರೇನ ಒತ್ತಿದ್ದೆ," ಎಂದು ಬಸವಂತಪ್ಪ ಪ್ರತಿ ಸಲವೂ ಜಾಲರಿಯಾಚೆಯಿಂದ ಹೇಳುತ್ತಾನೆ. "ಗೊತ್ತೈತೋ ತಮ್ಮಾ," ಎಂದು ಶಂಕ್ರೆಪ್ಪ ತಲೆ ತಗ್ಗಿಸುತ್ತಾನೆ. ಆ ಕಾರಿಗೆ ಗಟ್ಟಿ ಲೈನಿಂಗ್ ಹಾಕಿದವನು ಅವನೇ. ಸೇಠ್ ಹಾಕೆಂದಾಗ ಅವನು ಒಂದು ಮಾತೂ ಎದುರಾಡಿರಲಿಲ್ಲ.