ಆಟಿಯಲ್ಲಿ ಹಾಕಿದ ರುಜು

ಸುಳ್ಯ, ಪಂಜ, ಜಾಲ್ಸೂರಿನ ಬ್ಯಾಂಕ್ ಶಾಖೆಗಳಲ್ಲಿ ಮೂವತ್ತೇಳು ವರ್ಷ ದುಡಿದು ಈ ಜುಲೈ ಮೂವತ್ತೊಂದಕ್ಕೆ ನಿವೃತ್ತರಾಗುತ್ತಿರುವ ಶ್ರೀ ಡೊಂಬಯ್ಯ ಗೌಡರು, ಬಡ್ಡಿಯ ಲೆಕ್ಕವನ್ನು ಸಾಲಗಾರರ ಪಕ್ಕದಲ್ಲಿ ಕುಳಿತು ಮಾಡಿದ ಅಧಿಕಾರಿಯೆಂದು ನಮ್ಮ ಕಡೆ ಹೆಸರಾದವರು.

2020ರಲ್ಲಿ ನನ್ನ ಎಂ.ಕಾಂ. ಯೋಜನಾ ವರದಿಗೆ ಅವರು ಮಾರ್ಗದರ್ಶಕರಾಗಿದ್ದರು. ಬ್ಯಾಂಕು ತಾನೇ ನಿಗದಿ ಮಾಡುತ್ತಿದ್ದ ಮೂಲ ದರವನ್ನು ಬಿಟ್ಟು, ಮನೆಸಾಲದ ಬಡ್ಡಿಯನ್ನು ರಿಸರ್ವ್ ಬ್ಯಾಂಕಿನ ರೆಪೊ ದರಕ್ಕೆ ಜೋಡಿಸುವ ಕ್ರಮ ಆಗಷ್ಟೇ ಬಂದಿತ್ತು. ಬಡ್ಡಿ ಕಡಿಮೆಯಾಗುವ ಈ ದರ ಬೇಕಾದರೆ ಹಳೆಯ ಸಾಲಗಾರರು ಮಾತ್ರ ರುಜು ಹಾಕಿ ಕೇಳಿಕೊಳ್ಳಬೇಕಿತ್ತು. ಹೆಚ್ಚಿನವರಿಗೆ ಅದು ತಿಳಿದೇ ಇರಲಿಲ್ಲ. ಗೌಡರು ರಜೆಯ ಶನಿವಾರ ಬಸ್ಸು ಹಿಡಿದು ಅವರ ಮನೆಗಳಿಗೆ ಹೋಗಿ, ಹಳೆಯ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ಎರಡು ಸಂಖ್ಯೆ ಬರೆಯುತ್ತಿದ್ದರು: ಹಳೆಯ ದರದಲ್ಲಿ ಇನ್ನೆಷ್ಟು ಕಂತು, ಹೊಸದರಲ್ಲಿ ಎಷ್ಟು.

“ರುಜು ಹಾಕಿದ್ರೆ ಕಟ್ಟಿದ್ದೆಲ್ಲ ಹೋಗಿ ಸಾಲ ಪುನಃ ಸುರು ಆಗ್ಲಿಕ್ಕುಂಟಾ?” ಎಂದು ಪಂಜದ ಸೇವಂತಿಯಕ್ಕ ಕೇಳಿದ್ದರು.

“ಮೋಸ ಮಾಡುದಾದ್ರೆ ಫೋನಲ್ಲೇ ಮಾಡ್ತಿದ್ದೆ ಅಕ್ಕ. ಈ ಗುಡ್ಡೆ ಹತ್ತಿ ಬರ್ತಿದ್ದೆನಾ?”

ನಾನು ವರದಿ ಬರೆದೆ. ಮರುವರ್ಷ ನನ್ನ ಮದುವೆಯಾಯಿತು. ಪತಿ ರೂಪೇಶ್ 2018ರಲ್ಲಿ ಪಡೆದ ಮನೆಸಾಲವನ್ನು ಹೊಸ ದರಕ್ಕೆ ಸೇರಿಸುವ ಕಾಗದ ಮಾತ್ರ ರುಜುವಿಲ್ಲದೆ ಹಾಗೆಯೇ ಉಳಿಯಿತು. ಎರಡು ವರ್ಷದ ಹಿಂದೆ ಗೌಡರೇ ಅದನ್ನು ತಂದರು. ಆಗ ಆಟಿ, ಎಂದರೆ ತುಳುನಾಡಿನ ಆಷಾಢದ ತಿಂಗಳು. ಅದು ಮುಗಿದು ಸೋಣ ತಿಂಗಳು ಹುಟ್ಟುವವರೆಗೆ ನಮ್ಮಲ್ಲಿ ಹೊಸತೇನನ್ನೂ ತೊಡಗುವುದಿಲ್ಲ.

“ಆಟಿಯಲ್ಲಿ ಬೇಡ ಹೇಳ್ತಾರೆ ಅಮ್ಮ. ಸೋಣದಲ್ಲಿ ನಾನೇ ಬರ್ತೇನೆ ಸರ್” ಎಂದರು ರೂಪೇಶ್.

“ಬಡ್ಡಿಗೆ ಆಟಿ ಗೊತ್ತುಂಟಾ ಮಾರಾಯ?” ಗೌಡರು ನಕ್ಕು ಕಾಗದವನ್ನು ಚೀಲಕ್ಕೆ ಹಾಕಿಕೊಂಡರು.

ಹತ್ತು ದಿನಗಳ ಮೇಲೆ ರೂಪೇಶ್ ಬೈಕ್ ಅಪಘಾತದಲ್ಲಿ ತೀರಿಕೊಂಡರು.

ಸಾಲವನ್ನು ನನ್ನ ಹೆಸರಿಗೆ ಮಾಡಿ ಹೊಸ ದರಕ್ಕೆ ಸೇರಿಸಲು ನನ್ನ ಒಂದು ರುಜು ಸಾಕಿತ್ತು. ಹಾಕಿದರೆ ಸಾಲದ ಕಾಗದದಿಂದ ರೂಪೇಶರ ಹೆಸರು ಹೋಗುತ್ತದೆ. ನಾನು ಹಾಕಲಿಲ್ಲ, ಹಳೆಯ ದರದಲ್ಲೇ ಕಂತು ಕಟ್ಟಿದೆ. ಗೌಡರು ತಿಂಗಳಿಗೊಮ್ಮೆ ಬರುತ್ತಿದ್ದರು. ಅತ್ತೆ ಕೊಟ್ಟ ಕಾಫಿ ಕುಡಿದು, ಕಾಗದದ ಮಾತೆತ್ತದೆ ಹೋಗುತ್ತಿದ್ದರು.

ಕಳೆದ ವರ್ಷ ಪುನಃ ಆಟಿ ಬಂತು. ಅಂದು ಅವರು ಕ್ಯಾಲೆಂಡರ್ ಹಾಳೆಯನ್ನು ಮೇಜಿನ ಮೇಲಿಟ್ಟರು. ನೂರ ತೊಂಬತ್ತಾರು. ನೂರ ಅರವತ್ತಮೂರು.

“ಅವತ್ತು ನಾನು ನಗಬಾರದಿತ್ತು ಮಗಾ. ಕೂರಿಸಿ ರುಜು ಹಾಕಿಸ್ಬೇಕಿತ್ತು.”

“ಅವರ ಹೆಸರು ಹೋಗ್ತದಲ್ಲ ಸರ್” ಎಂದೆ.

ಅವರು ಚೀಲದಿಂದ ಒಂದು ಝೆರಾಕ್ಸ್ ತೆಗೆದರು. ರೂಪೇಶರ ಸಾಲದ ಅರ್ಜಿಯ ಮೊದಲ ಪುಟ. ಸಾಲದ ಉದ್ದೇಶ ಎಂಬಲ್ಲಿ ಅವರ ಕೈಬರಹ: ‘ವಾಸಕ್ಕೆ ಮನೆ. ಮುಂದೆ ಮದುವೆ ಉಂಟು.’

“ಇದು ನಿಂಗೆ. ಮೂಲ ಕಾಗದ ಫೈಲಿನಲ್ಲೇ ಇರ್ತದೆ. ಅದನ್ನು ಯಾರೂ ತೆಗಿಯುದಿಲ್ಲ.”

ಅತ್ತೆ ಒಳಗೆ ಹೋಗಿ ಪೆನ್ನು ತಂದು ನನ್ನ ಕೈಗೆ ಕೊಟ್ಟರು. ನಾನು ರುಜು ಹಾಕಿದೆ.

ಬೀಳ್ಕೊಡುಗೆಯ ದಿನವೂ ಆಟಿಯಲ್ಲೇ ಬರುವುದರಿಂದ ಸಮಾರಂಭವನ್ನು ಸೋಣಕ್ಕೆ ಇಟ್ಟುಕೊಳ್ಳೋಣವೆಂದು ಕೆಲವರು ಹೇಳಿದರಂತೆ. ಅತ್ತೆಗೆ ಅದು ಸರಿಬರಲಿಲ್ಲ. “ಮುಂದೆ ಹಾಕುದು ಬೇಡ. ಗೌಡ್ರಿಗೆ ಅವತ್ತೇ ಮಾಡಿ” ಎಂದರು.

ಗೌಡರಿಗೆ ಇನ್ನೂ ಹಲವು ಆಟಿ, ಹಲವು ಸೋಣ ಆರೋಗ್ಯದಿಂದ ಕೂಡಿ ಬರಲಿ. ಈ ವರ್ಷದ ಕ್ಯಾಲೆಂಡರ್ ಹಾಳೆಗಳನ್ನೂ ಅತ್ತೆ ಅವರ ಲೆಕ್ಕಕ್ಕೆಂದು ಹರಿದು ಜೋಡಿಸಿಟ್ಟಿದ್ದಾರೆ. ಶನಿವಾರಗಳಲ್ಲಿ ಗೌಡರು ಬರುತ್ತಿರಲಿ.