ವಾಪಸ್ ಬಾರದ ನಾಯಕಿ

ನೋಂದಣಿ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷ ಕಂಡವರ ಮನೆಪತ್ರಗಳನ್ನು ಟೈಪ್‌ರೈಟರಿನಲ್ಲಿ ಕುಟ್ಟಿದವಳಿಗೆ ‘ಟೈಪಮ್ಮ’ ಎಂಬ ಅಡ್ಡಹೆಸರು ಅಂಟಿಕೊಂಡಿತ್ತು. ಊಟದ ಬಿಡುವಿನಲ್ಲಿ ಅದೇ ಯಂತ್ರದ ಮೇಲೆ ಕಾದಂಬರಿ ಬರೆಯುತ್ತಾಳೆಂದು ತಿಳಿದಾಗ ಮೇಲಧಿಕಾರಿ ಉರಿದುಬಿದ್ದ.

“ಸರ್ಕಾರದ ಮಷೀನಮ್ಮಾ ಇದು!”

“ಕಥೆ ನಂದು ಸಾರ್, ಕಾಗದಾನೂ ನಂದೇ. ಮಷೀನು ಸವೆದ್ರೆ ಹೇಳಿ.” ಕುಟ್ಟುವುದನ್ನು ಅವಳು ನಿಲ್ಲಿಸಲಿಲ್ಲ.

ಹೀಗೆ ನಾಲ್ಕು ಕಾದಂಬರಿ ಅಚ್ಚಾದವು. ನಾಲ್ಕನೆಯದರಲ್ಲಿ ಅರವತ್ತರ ಹೆಂಗಸೊಬ್ಬಳು, ಮಾತುಮಾತಿಗೂ ಹಂಗಿಸುವ ಗಂಡನನ್ನು ಬಿಟ್ಟು, ಬೇರೆ ಬೀದಿಯಲ್ಲಿ ಹೊಲಿಗೆ ಅಂಗಡಿ ತೆರೆಯುತ್ತಾಳೆ. ಅದನ್ನು ಸಿನಿಮಾ ಮಾಡಲು ನಿರ್ಮಾಪಕನೊಬ್ಬ ಮನೆಗೇ ಬಂದ. ನಿರ್ದೇಶನ ತನ್ನದೇ ಎಂಬ ಅವಳ ಷರತ್ತಿಗೂ ತಲೆಯಾಡಿಸಿದ. ಆಮೇಲೆ ಮೆಲ್ಲಗೆ ಬಾಲ ಬಿಚ್ಚಿದ.

“ನಾಯಕಿಗೆ ಮೂವತ್ತು ವರ್ಷ ಸಾಕು. ಕೊನೇಲಿ ಗಂಡನ ಮನೆಗೆ ವಾಪಸ್ ಬರ್ಲಿ. ಜನ ಕಣ್ಣೊರೆಸ್ಕೊಂಡು ಹೋಗ್ತಾರೆ.”

“ಅವಳು ವಾಪಸ್ ಬರಲ್ಲ. ನೀವು ಹೊರಡಿ.”

ಒಳಗೆ ಕೂತು ಎಲ್ಲ ಕೇಳಿಸಿಕೊಂಡಿದ್ದ ಅತ್ತೆ ಹೊರಬಂದರು. ಮಾವ ಬದುಕಿದ್ದಷ್ಟು ದಿನ ಅವರ ಮುಂದೆ ಸೊಲ್ಲೆತ್ತದವರು ಅವರು.

“ಏನೇ, ಆ ಪುಸ್ತಕದಲ್ಲಿರೋಳು ನಾನೇ ತಾನೇ?”

“ಹೂಂ ಅತ್ತೆ. ಆದ್ರೆ ನೀವು ಮನೆ ಬಿಟ್ಟು ಹೋಗಿರ್ಲಿಲ್ಲ.”

“ಆಗ ಧೈರ್ಯ ಸಾಲಲಿಲ್ಲ. ಈಗ ಹೋಗ್ತೀನಿ. ಕ್ಯಾಮೆರಾ ತಾ.”

ಮದುವೆ ಫೋಟೋ ತೆಗೆಯುವವನ ಕ್ಯಾಮೆರಾ ಬಂತು. ಭಾನುವಾರಗಳಂದು ಅವರದೇ ಅಡುಗೆಮನೆಯಲ್ಲಿ ಚಿತ್ರೀಕರಣ. ಟೈಪಮ್ಮನ ಗಂಡ ಮುಖ ಊದಿಸಿಕೊಂಡ. “ಅಪ್ಪನ ಹೆಸರು ಬೀದಿಗೆ ಬರುತ್ತಮ್ಮಾ.”

“ನಲವತ್ತು ವರ್ಷ ಆ ಹೆಸರು ಕಾಪಾಡಿದ್ದು ನಾನೇ. ನೀನು ಹೋಗಿ ಲೈಟ್ ಹಿಡ್ಕೋ” ಎಂದರು ತಾಯಿ. ಹನ್ನೊಂದು ತಿಂಗಳು ಅವನು ಲೈಟ್ ಹಿಡಿದ.

ಪೆಟ್ಟಿಗೆ ಹಿಡಿದು ಚಪ್ಪಲಿ ಮೆಟ್ಟುವ ದೃಶ್ಯವನ್ನು ಅತ್ತೆ ಒಂದೇ ಸಲಕ್ಕೆ ಮುಗಿಸಿದರು. “ಕಟ್” ಎಂದರೂ ಕೇಳಿಸದವರಂತೆ ಬೀದಿ ತಿರುವಿನವರೆಗೂ ನಡೆದುಬಿಟ್ಟರು. ಟೈಪಮ್ಮ ಹಿಂದೆ ಓಡಿಹೋಗಿ ಕರೆತರಬೇಕಾಯಿತು. ಇಬ್ಬರ ಕಣ್ಣೂ ಒದ್ದೆಯಾಗಿದ್ದವು.

ಯಾವ ಚಿತ್ರಮಂದಿರವೂ ಬಾಗಿಲು ತೆರೆಯಲಿಲ್ಲ. ಟೈಪಮ್ಮ ದರ್ಜಿಗಳ ಸಂಘದ ಸಭಾಂಗಣವನ್ನು ಬಾಡಿಗೆಗೆ ಹಿಡಿದಳು. ಮೊದಲ ದಿನ ಹದಿನೇಳು ಜನ. ಮೂರನೆಯ ವಾರ ಹೆಂಗಸರು ಗೋಡೆಗೊರಗಿ ನಿಂತು ನೋಡಿದರು. ಮುಂದೆ ಕೂತಿದ್ದ ಒಬ್ಬ ಗಂಡಸು ಎದ್ದು ಕೂಗಿದ: “ಇಂಥದ್ದು ತೋರಿಸಿದ್ರೆ ಮನೆಗಳು ಒಡೆದು ಹೋಗುತ್ವೆ!”

“ಒಂದು ಸಿನಿಮಾಕ್ಕೆ ಒಡೆಯೋ ಮನೆ ಯಾವುದಪ್ಪಾ, ನಿಮ್ದಾ?” ಎಂದಳು ಟೈಪಮ್ಮ. ಸಭಾಂಗಣವೆಲ್ಲ ಘೊಳ್ಳೆಂದಿತು.

ಆಮೇಲೆ ಕೆಲಸಕ್ಕೆ ರಾಜೀನಾಮೆ ಕೊಟ್ಟು ಇನ್ನೆರಡು ಸಿನಿಮಾ ಮಾಡಿದಳು, ಮೂರು ಕಾದಂಬರಿ ಬರೆದಳು. ಎರಡನೆಯ ಸಿನಿಮಾದಲ್ಲಿ ತಮ್ಮ ಪಾತ್ರ ಚಿಕ್ಕದಾಯಿತೆಂದು ಅತ್ತೆ ಎಂಟು ದಿನ ಸೊಸೆಯೊಡನೆ ಮಾತು ಬಿಟ್ಟಿದ್ದರು.